ಕುಂಕುಮದ ವೈರು, ಅರಿಶಿನದ ವೈರು

ಮಾವನ ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ನೆಟ್ಟಗೆ ಕೆಲಸ ಮಾಡುತ್ತಿದ್ದುದು ಊದುಬತ್ತಿ ಸ್ಟ್ಯಾಂಡ್ ಒಂದೇ. ಸ್ಪೀಡಿನ ಮುಳ್ಳು ಯಾವುದೋ ಕಾಲದಲ್ಲಿ ನಲವತ್ತರ ಮೇಲೆ ಕೂತದ್ದು ಅಲ್ಲಿಂದ ಎದ್ದಿರಲಿಲ್ಲ. ಗಾಡಿ ಮನೆ ಮುಂದೆ ನಿಂತಿದ್ದರೂ ನಲವತ್ತರಲ್ಲೇ ಓಡುತ್ತಿತ್ತು. ಡೀಸೆಲ್ ಮುಳ್ಳು ಕಳಚಿಬಿದ್ದು ಗಾಜಿನೊಳಗೆ ಮಲಗಿತ್ತು. ಎಚ್ಚರಿಕೆಯ ಕೆಂಪು ದೀಪಗಳು ಎರಡಿದ್ದವು, ಎಂಜಿನ್ ಎಣ್ಣೆಗೊಂದು, ಬ್ಯಾಟರಿಗೊಂದು. ಅವು ಹತ್ತಿದ್ದನ್ನು ಕಂಡವರು ನಮ್ಮ ವಠಾರದಲ್ಲಿ ಯಾರೂ ಇರಲಿಲ್ಲ.

ಮಾವ ಅಂದರೆ ನನ್ನ ಅಕ್ಕನ ಗಂಡ. ನಮ್ಮ ಯಾದಗಿರಿ ಕಡೆ ಅಕ್ಕನ ಗಂಡನನ್ನು ಮಾವ ಅಂತಲೇ ಕರೆಯುವುದು. ಗರುಡಾಚಾರ್‌ಪಾಳ್ಯದಲ್ಲಿ ಸಾಲಾಗಿ ಕಟ್ಟಿದ ಬಾಡಿಗೆ ಕೋಣೆಗಳ ವಠಾರವೊಂದರಲ್ಲಿ ಮುಂದಿನ ಕೋಣೆ ಅವರದು, ಹಿಂದಿನದು ನನ್ನದು. ಊಟ ಅಕ್ಕನ ಮನೆಯಲ್ಲಿ, ನಿದ್ದೆ ನನ್ನ ಕೋಣೆಯಲ್ಲಿ, ಬುದ್ಧಿ ಹೇಳುವ ಕೆಲಸ ಎರಡೂ ಕಡೆ. ಈ ಮೂರನೆಯದನ್ನು ಯಾರೂ ನನ್ನಿಂದ ಕೇಳಿರಲಿಲ್ಲ. ಆದರೂ ನಾನು ಒಂದು ದಿನವೂ ತಪ್ಪಿಸಿದವನಲ್ಲ.

ಮಾವನಿಗೆ ಡ್ಯಾಶ್‌ಬೋರ್ಡ್ ಬೇಕಾಗಿಯೂ ಇರಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದವನೇ ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆದು, ಮೂಸಿ, ಮತ್ತೆ ಒಳಗೆ ತಳ್ಳುತ್ತಿದ್ದ. ಗಾಡಿ ಓಡಿಸುವಾಗ ನಡುನಡುವೆ ಎಂಜಿನ್ ಮುಚ್ಚಳದ ಮೇಲೆ ಅಂಗೈ ಊರುತ್ತಿದ್ದ. ಅಕ್ಕ ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವುದೂ ಹೀಗೆಯೇ. ಹತ್ತು ವರ್ಷ ಆ ಲಾರಿ ಅವನನ್ನು ದಾರಿಯಲ್ಲಿ ಕೈಬಿಟ್ಟಿರಲಿಲ್ಲ.

ಇಂಥ ಸುಖವಾದ ಸಂಸಾರದೊಳಗೆ ನಾನು ನನ್ನ ವಿದ್ಯೆ ತೆಗೆದುಕೊಂಡು ಹೋದೆ.

ನನ್ನ ಕೆಲಸ ದೀಪಗಳದು. ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಕಾರ್ಖಾನೆಗಳಿಗೆ ಬೇಕಾದ ಕಂಟ್ರೋಲ್ ಪ್ಯಾನೆಲ್ ಮಾಡುತ್ತಿದ್ದೆವು. ಆಳೆತ್ತರದ ಕಬ್ಬಿಣದ ಬೀರು, ಅದರ ಮುಖದ ತುಂಬ ಕೆಂಪು ಹಸಿರು ದೀಪ, ಹೊಟ್ಟೆಯೊಳಗೆ ವೈರು. ಪ್ರತಿ ವೈರಿನ ಎರಡೂ ತುದಿಗೆ ನಂಬರಿನ ಸಣ್ಣ ಬಳೆ ತೊಡಿಸಬೇಕು, ಯಾವುದು ಎಲ್ಲಿಯದು ಅಂತ ಗೊತ್ತಾಗಲಿಕ್ಕೆ. ಎಲ್ಲ ಮುಗಿದ ಮೇಲೆ ಲ್ಯಾಂಪ್ ಟೆಸ್ಟ್ ಎಂಬ ಗುಂಡಿ ಒತ್ತಿದರೆ ಅಷ್ಟೂ ದೀಪ ಒಟ್ಟಿಗೆ ಹತ್ತುತ್ತವೆ. ಹತ್ತಿದರೆ ಚಹಾ. ನಮ್ಮ ಸೂಪರ್‌ವೈಸರ್ ಹಲಸೂರಿನವರು, ದಿನಕ್ಕೆ ಹತ್ತು ಸಲ ಒಂದೇ ಮಾತು ಹೇಳುತ್ತಿದ್ದರು. "ಮಗಾ, ವೈರ್ ಮುಖ ನೋಡಿ ಗೆಸ್ ಮಾಡ್ಬೇಡ. ಕೊನೇತನಕ ಟ್ರೇಸ್ ಮಾಡು." ನಾನು ಹೂಂ ಸರ್ ಅನ್ನುತ್ತಿದ್ದೆ. ಹತ್ತು ಸಲವೂ ಅನ್ನುತ್ತಿದ್ದೆ.

ಕೆ.ಆರ್. ಪುರದ ತೂಗುಸೇತುವೆ ಇನ್ನೂ ಹೊಸದಾಗಿದ್ದ ಕಾಲ. ಆ ವರ್ಷ ಮಾವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅದೇ ಬೇಸಿಗೆಯಲ್ಲಿ ಲಾರಿಯ ಎಂಜಿನ್ ಬಿಚ್ಚಿಸಿ, ಇದ್ದದ್ದನ್ನೆಲ್ಲ ಸುರಿದು, ಹೊಸದರಂತೆ ಮಾಡಿಸಿದ್ದ. ಈ ಎಂಜಿನ್ ಕೆಟ್ಟರೆ ಇನ್ನೊಂದು ಸಲ ಮಾಡಿಸುವ ತ್ರಾಣ ಆ ಮನೆಗಿರಲಿಲ್ಲ. ಕೆಟ್ಟರೆ ಏನು ಅನ್ನುವುದೂ ಎಲ್ಲರಿಗೂ ಗೊತ್ತಿತ್ತು: ಲಾರಿ ಶಿವಾಜಿನಗರದ ಗುಜರಿಗೆ, ಮಾವ ಹೊರಮಾವಿನ ಯಾವುದಾದರೂ ಅಪಾರ್ಟ್‌ಮೆಂಟಿನ ಗೇಟಿಗೆ. ನಮ್ಮ ಕಡೆಯ ಎಷ್ಟೋ ಮಂದಿ ಆ ಕೆಲಸ ಮಾಡಿ ಮರ್ಯಾದೆಯಿಂದ ಬದುಕುತ್ತಿದ್ದರು. ಆದರೆ ಮಾವನಿಗೆ ಅದು ಬೇಡವಾಗಿತ್ತು. "ಸೀಟಿ ಊದಕೋತ ಮಂದಿ ಗಾಡಿ ಒಳಗ ಬಿಡೂದು, ಹೊರಗ ಬಿಡೂದು. ನನ್ನ ಕೈಲಿ ಆಗೂದಲ್ಲ" ಅನ್ನುತ್ತಿದ್ದ. ಲಾರಿ ಇದ್ದರೆ ಮಾವ ಮಾವನಾಗಿರುತ್ತಾನೆ, ಅಷ್ಟೇ ಲೆಕ್ಕ.

ಕಣ್ಣು ಮಂಜಾದ ಮನುಷ್ಯನಿಗೆ ದೀಪದ ಸಹಾಯ ಬೇಕು ಅಂತ ನನಗೆ ಹೊಳೆಯಿತು. ಅದೇ ಮಂಜಿನಿಂದಾಗಿ ಅವನಿಗೆ ಕಡಲೆ ಗಾತ್ರದ ದೀಪ ಕಾಣುವುದು ಹೇಗೆ ಅನ್ನುವುದು ಹೊಳೆಯಲಿಲ್ಲ. ಶಿವಾಜಿನಗರದ ಗುಜರಿ ಸಾಲಿಗೆ ಹೋಗಿ ಬೇರೆ ಯಾವುದೋ ಲಾರಿಯಿಂದ ಕಿತ್ತ ಡ್ಯಾಶ್‌ಬೋರ್ಡ್ ಹಿಡಿದು ತಂದೆ. ಕೆಂಪು ಗಾಜಿನ ಮೇಲೆ ಎಣ್ಣೆ ಕ್ಯಾನಿನ ಚಿತ್ರ, ಪಕ್ಕದ್ದರ ಮೇಲೆ ಬ್ಯಾಟರಿಯ ಚಿತ್ರ, ಎರಡೂ ಅಚ್ಚುಕಟ್ಟಾಗಿದ್ದವು. ಎಣ್ಣೆ ಒತ್ತಡ ಕಡಿಮೆಯಾದರೆ ದೀಪ ಹತ್ತಿಸುವ ಹಿತ್ತಾಳೆ ಸ್ವಿಚ್ಚನ್ನೂ ಅಲ್ಲೇ ಆರಿಸಿದೆ. ಅದನ್ನು ಎಂಜಿನ್ನಿನ ಮೈಗೆ ತಿರುಪಿ ಕೂರಿಸಬೇಕು. "ಇದರ ತಿರುಪಿನ ಮರೆ ನಮ್ಮ ಗಾಡಿಗೆ ಕೂಡ್ರತದೇನ್ರೀ?" ಅಂದೆ. ಅಂಗಡಿಯವರು ಸ್ವಿಚ್ಚನ್ನು ಲುಂಗಿಗೆ ಒರೆಸಿ ಕೊಟ್ಟರು. "ಕೂತ್ಕೊಳ್ಳುತ್ತೆ ಗುರು. ಕೂತ್ಕೊಳ್ಳಲಿಲ್ಲ ಅಂದ್ರೆ ಸ್ವಲ್ಪ ಪ್ರೀತಿಯಿಂದ ಕೂರಿಸ್ಬೇಕು."

ಆಯುಧಪೂಜೆಯ ಬೆಳಿಗ್ಗೆ ಕೆಲಸಕ್ಕೆ ಕೂತೆ. ವಠಾರದ ಮುಂದೆ ಲಾರಿ ಮೈತೊಳೆದು ನಿಂತಿತ್ತು. ಕೆಟ್ಟ ಹಳೇ ಸ್ವಿಚ್ಚು ಕಿತ್ತು ಬಿಸಾಡಿ ಕೂರಿಸಿದ ಹಿತ್ತಾಳೆ ಸ್ವಿಚ್ಚು ಮುಕ್ಕಾಲು ಸುತ್ತು ಹೋಗಿ ಬಿಗಿಯಾಯಿತು. ಇಷ್ಟು ಬೇಗ ಬಿಗಿಯಾಯಿತಲ್ಲ ಅಂತ ಅನುಮಾನ ಬರಬೇಕಿತ್ತು, ಬಂದದ್ದು ಸಂತೋಷ. ಪಾನಾ ಹಾಕಿ ಪ್ರೀತಿಯಿಂದ ಇನ್ನೊಂದು ಸಲ ಒತ್ತಿದೆ.

ಆಮೇಲೆ ವೈರುಗಳು. ಹಳೇ ಡ್ಯಾಶ್‌ಬೋರ್ಡ್ ಬಿಚ್ಚಿದರೆ ಹಿಂದೆ ಜೋತಾಡುತ್ತಿದ್ದ ವೈರುಗಳೆಲ್ಲ ಒಂದೇ ಬಣ್ಣ, ಹತ್ತು ವರ್ಷದ ಧೂಳಿನ ಬಣ್ಣ. ಎಂಜಿನ್ ಕಡೆಯಿಂದ ಒಂದೊಂದಾಗಿ ಟ್ರೇಸ್ ಮಾಡಿ ಎಣ್ಣೆ ದೀಪದ್ದು ಯಾವುದು, ಬ್ಯಾಟರಿ ದೀಪದ್ದು ಯಾವುದು ಅಂತ ಕಂಡುಹಿಡಿದೆ. ಇಲ್ಲಿಯವರೆಗೆ ಸೂಪರ್‌ವೈಸರ್ ನನ್ನನ್ನು ಮೆಚ್ಚುತ್ತಿದ್ದರು. ಗುರುತು ಹಾಕಲಿಕ್ಕೆ ನಂಬರಿನ ಬಳೆ ಇರಲಿಲ್ಲ, ಟೇಪೂ ಕೋಣೆಯಲ್ಲಿ ಉಳಿದಿತ್ತು. ಪಕ್ಕದಲ್ಲೇ ಅಕ್ಕನ ಪೂಜೆ ತಟ್ಟೆ ಇತ್ತು. ಎಣ್ಣೆಯ ವೈರಿಗೆ ಕುಂಕುಮ ಹಚ್ಚಿದೆ, ಬ್ಯಾಟರಿಯ ವೈರಿಗೆ ಅರಿಶಿನ ಹಚ್ಚಿದೆ. ನನ್ನ ಜಾಣತನಕ್ಕೆ ನಾನೇ ಬೆರಗಾಗಿ ಕೈ ತೊಳೆಯಲು ಹಿತ್ತಲಿಗೆ ಹೋದೆ.

ಬರುವಷ್ಟರಲ್ಲಿ ಅಕ್ಕ ಪೂಜೆ ಶುರುಮಾಡಿದ್ದಳು. ಚಕ್ರಕ್ಕೆ, ಸ್ಟೇರಿಂಗಿಗೆ, ಪಾನಾ ಪಕ್ಕಡಕ್ಕೆ ಅರಿಶಿನ ಕುಂಕುಮ ಹಚ್ಚುತ್ತ ಬಂದವಳು ಡ್ಯಾಶ್‌ಬೋರ್ಡಿನ ಜಾಗ ಬಾಯ್ದೆರೆದು ಕೂತದ್ದನ್ನು ಕಂಡಳು. ಒಳಗಿನ ನರನಾಡಿ ದರ್ಶನ ಕೊಡುವುದು ವರ್ಷಕ್ಕೊಮ್ಮೆಯೂ ಅಲ್ಲ. ಭಕ್ತಿಯಿಂದ, ನಾನು ಗುರುತು ಹಾಕಿದ್ದ ಎರಡನ್ನೂ ಬಿಡದೆ, ಪ್ರತಿಯೊಂದು ವೈರಿಗೂ ಅರಿಶಿನ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟಿದ್ದಳು.

"ಇವೆರಡಕ್ಕ ಮೊದಲೇ ಹಚ್ಚಿದ್ದಿ, ಚಲೋ ಮಾಡಿದಿ" ಅಂದಳು. "ಬಿಟ್ಟದ್ದು ನಾ ಹಚ್ಚೀನಿ."

ಮತ್ತೆ ಎಂಜಿನ್ ಕಡೆಯಿಂದ ಟ್ರೇಸ್ ಮಾಡಬೇಕಿತ್ತು. ಹತ್ತು ನಿಮಿಷದ ಕೆಲಸ. ಆದರೆ ಮಾವ ಕುಂಬಳಕಾಯಿ ಹಿಡಿದು ನಿಂತಿದ್ದ, ವಠಾರದ ಮಂದಿ ಸುತ್ತ ನೆರೆದಿದ್ದರು, ನನಗೆ ಅವರ ಮುಂದೆ ದೀಪ ಹತ್ತಿಸಿ ತೋರಿಸುವ ಹುಚ್ಚು. ಅಕ್ಕ ತೋರಿಸಿದ ಎರಡು ವೈರಿನಲ್ಲಿ ಯಾವುದರ ಕುಂಕುಮ ಹೆಚ್ಚು ಕೆಂಪಗಿದೆ ಅಂತ ನೋಡಿದೆ. ಮುಖ ನೋಡಿ ಗೆಸ್ ಮಾಡಿದೆ. ಜೋಡಿಸಿ ಕೀಲಿ ತಿರುಗಿಸಿದೆ. ಎರಡೂ ದೀಪ ಹತ್ತಿದವು. ಎಂಜಿನ್ ಚಾಲೂ ಮಾಡಿದೆ, ಎರಡೂ ಆರಿದವು. ಹತ್ತಬೇಕಾದಾಗ ಹತ್ತಬೇಕು, ಆರಬೇಕಾದಾಗ ಆರಬೇಕು, ನಮ್ಮ ಶೆಡ್ಡಿನ ಲ್ಯಾಂಪ್ ಟೆಸ್ಟೇ ಇದು. ವಠಾರದ ಮಂದಿ ಚಪ್ಪಾಳೆ ತಟ್ಟಿದರು. ವೈರು ಅದಲು ಬದಲಾಗಿದ್ದರೂ ಎರಡೂ ಹೀಗೆಯೇ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತವೆ ಎಂಬ ಸಣ್ಣ ಸಂಗತಿ ಆಗ ನನ್ನ ತಲೆಗೆ ಬರಲಿಲ್ಲ.

ಪೂಜೆ ಮುಗಿದ ವಾರದಲ್ಲಿ ಮಾವನ ಒಂದು ಕಣ್ಣಿನ ಪೊರೆ ತೆಗೆದರು. ಇನ್ನೊಂದು ಕಣ್ಣಿನದು ಆಮೇಲೆ ಅಂದರು. ನಲವತ್ತು ದಿನ ಕಪ್ಪು ಕನ್ನಡಕ, ಗಾಡಿ ಮುಟ್ಟುವಂತಿಲ್ಲ. ಲಾರಿ ಮನೆ ಮುಂದೆ ನಿಂತಿತು. ಬ್ಯಾಟರಿ ಇಳಿಯಬಾರದು ಅಂತ ಪ್ರತಿ ಭಾನುವಾರ ಎಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತು ಬಿಡುತ್ತಿದ್ದೆ. ಸೋಮವಾರ ಬೆಳಿಗ್ಗೆ ಅಕ್ಕ ಬಾಗಿಲ ಮುಂದಿನ ರಂಗೋಲಿ ಮೇಲೆ ಕರಿ ಹನಿ ಬಿದ್ದಿವೆ ಅಂತ ಗೊಣಗುತ್ತಿದ್ದಳು. "ಹಳೇ ಗಾಡಿ ಅಕ್ಕಾ, ಬೆವರ್ತದ" ಅಂತ ಸಮಜಾಯಿಷಿ ಕೊಟ್ಟೆ. ಪಾಪ, ರಂಗೋಲಿಯನ್ನೇ ಆ ಕಡೆ ಸರಿಸಿದಳು.

ಅಷ್ಟರಲ್ಲಿ ಒಂದು ಲೋಡ್ ಬಂತು. ಬಂತು ಅಂದರೆ, ಮಾವ ಕಣ್ಣಿನ ಆಪರೇಷನ್ನಿಗೆ ಮೊದಲೇ ಮಾತು ಕೊಟ್ಟಿದ್ದ. ಹಲಸೂರಿನ ಹತ್ತಿರ ಕೆಡವಿದ ಹಳೇ ಬಂಗಲೆಯ ತೇಗದ ಬಾಗಿಲು ಕಿಟಕಿಗಳನ್ನು ನಮ್ಮೂರ ಕಡೆಯ ಒಬ್ಬರು ಕೊಂಡಿದ್ದರು. ಶಹಾಪುರಕ್ಕೆ ಮುಟ್ಟಿಸಬೇಕು, ಗೃಹಪ್ರವೇಶದ ದಿನ ಗೊತ್ತಾಗಿತ್ತು. ನನ್ನ ಹತ್ತಿರ ಲಾರಿ ಓಡಿಸುವ ಲೈಸೆನ್ಸ್ ಇತ್ತು. ಶೆಡ್ಡಿಗೆ ಸೇರುವ ಮೊದಲು ಎರಡು ವರ್ಷ ಮಾವನ ಜೊತೆ ಓಡಾಡಿದ್ದೆ. ರಜೆ ಹಾಕಿ ಹೊರಟೆ. ಧೂಳಿಗೆ ಬರಬಾರದು ಅಂದರೂ ಮಾವ ಕೇಳಲಿಲ್ಲ, ಕಪ್ಪು ಕನ್ನಡಕ ಏರಿಸಿ, ಎಂಜಿನ್ ಮುಚ್ಚಳಕ್ಕೆ ಮೊಣಕಾಲು ತಾಗಿಸಿಕೊಂಡು ನನ್ನ ಪಕ್ಕ ಕೂತ.

ಹೊರಡುವಾಗ ಬೆಳಕು ಹರಿಯುತ್ತಿತ್ತು. ಅಕ್ಕ ರೊಟ್ಟಿ ಗಂಟು ಕೊಟ್ಟು, ಮಾವನಿಗೆ ಕೇಳಿಸದಂತೆ ನನ್ನ ಹತ್ತಿರ ಬಂದಳು. "ಎಂಜಿನ್ನಿಗೇನರ ಆಯ್ತಂದ್ರ ನಿಮ್ಮ ಮಾವ ಉಳ್ಯಾಂಗಿಲ್ಲ. ಜ್ವಾಕಿಯಿಂದ ನೋಡ್ಕೊ."

"ಲೈಟ್ ಹಾಕೀನಲ್ಲ" ಅಂದೆ.

ಒಳಗೆ ಹತ್ತಿದರೆ ಮಾವನದೂ ಅದೇ ಪ್ರಶ್ನೆ. "ತಮ್ಮಾ, ಎಣ್ಣಿ ಕಡ್ಡಿ ಎಳೆದು ನೋಡಿದೇನು?"

"ಈಗ ಅದಕ್ಕೂ ಲೈಟ್ ಅದಲ್ಲ ಮಾವಾ. ಎಣ್ಣಿ ಕಡಿಮಿ ಆದ್ರ ತಾನೇ ಹೇಳ್ತದ."

ತೂಗುಸೇತುವೆ ದಾಟಿ, ರಿಂಗ್ ರೋಡ್ ಹಿಡಿದು, ಹೆಬ್ಬಾಳದ ಮೇಲೆ ಹಾದು ತುಮಕೂರು ರಸ್ತೆಗೆ ಬಿದ್ದೆವು. ಮಾವನ ಇಷ್ಟದ ತತ್ವಪದದ ಕ್ಯಾಸೆಟ್ ಜೋರಾಗಿ ಹಾಡುತ್ತಿತ್ತು. ಎರಡೂ ದೀಪ ಆರಿಕೊಂಡು ತಣ್ಣಗಿದ್ದವು. ನಾನು ರಸ್ತೆಗಿಂತ ಹೆಚ್ಚು ಅವನ್ನೇ ನೋಡುತ್ತಿದ್ದೆ.

ತುಮಕೂರು ದಾಟಿ ಒಂದು ಕಡೆ ರಸ್ತೆ ಕೆಲಸಕ್ಕೆ ಗಾಡಿಗಳನ್ನು ನಿಲ್ಲಿಸಿದ್ದರು. ಎಂಜಿನ್ ನಿಧಾನಕ್ಕೆ ಗುಡುಗುಡಿಸುತ್ತಿದ್ದಾಗ ಬ್ಯಾಟರಿಯ ಚಿತ್ರ ಮಿಣುಕ್ಕೆಂದಿತು. ಆಕ್ಸಿಲರೇಟರ್ ತುಳಿದೆ, ಆರಿತು. ಬಿಟ್ಟೆ, ಮತ್ತೆ ಮಿಣುಕ್. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ನಾನು ಹಾಕಿದ ದೀಪ ಮಾತಾಡುತ್ತಿತ್ತು!

"ಮಾವಾ, ಬ್ಯಾಟರಿ ಚಾರ್ಜ್ ಆಗ್ಲತ್ತಿಲ್ಲ. ಲೈಟ್ ತೋರಿಸ್ಲತ್ತದ."

"ಎಣ್ಣಿದು?"

"ಎಣ್ಣಿದು ಆರ್ಯದ, ಏನೂ ತೊಂದ್ರಿಲ್ಲ."

ಇಳಿದು ಫ್ಯಾನ್ ಬೆಲ್ಟ್ ಒತ್ತಿ ನೋಡಿದೆ. ಎಷ್ಟು ಬಿಗಿ ಇರಬೇಕೋ ಅಷ್ಟೇ ಇತ್ತು. ಚಾರ್ಜ್ ಮಾಡುವ ಡೈನಮೋ ಒಳಗಡೆ ಏನೋ ಸವೆದಿರಬೇಕು ಅಂತ ತೀರ್ಮಾನಿಸಿದೆ. ಹೆದರುವಂಥದ್ದೇನಲ್ಲ, ಒಂದು ಸಲ ಚಾಲೂ ಆದ ಮೇಲೆ ಆ ಕಾಲದ ಡೀಸೆಲ್ ಎಂಜಿನ್ನಿಗೆ ಕರೆಂಟೇ ಬೇಡ, ಹಗಲು ಹೊತ್ತು, ಹೆಡ್‌ಲೈಟೂ ಬೇಡ. ಎಂಜಿನ್ ಬಂದ್ ಮಾಡದಿದ್ದರೆ ಆಯಿತು. ಈ ಪಾಠವನ್ನು ಮಾವನಿಗೆ ಶಿರಾ ಬರುವವರೆಗೂ ಹೇಳಿದೆ. ಮೂವತ್ತು ವರ್ಷ ಲಾರಿ ಓಡಿಸಿದ ಮನುಷ್ಯ ಹೂಂ, ಹೂಂ ಅನ್ನುತ್ತ ಕೇಳಿದ.

ಶಿರಾದಲ್ಲಿ ದೀಪ ಇನ್ನಷ್ಟು ಹೊತ್ತು ನಿಂತಿತು. ಕರೆಂಟು ಉಳಿಸಲೇಬೇಕು ಅಂತ ಹಾರ್ನಿನ ವೈರು ಕಿತ್ತೆ. ಅಲ್ಲಿಂದ ಮುಂದೆ ಹಾರ್ನ್ ನಾನೇ. ಕಿಟಕಿಯಿಂದ ತಲೆ ಹೊರಗೆ ಹಾಕಿ "ಏ ಸರೀರಿ, ಸರೀರಿ" ಅಂತ ಒದರುತ್ತ ಶಹಾಪುರಕ್ಕೆ ಸಾಗುವ ತೇಗದ ಬಾಗಿಲುಗಳನ್ನು ಊರೂರು ದಾಟಿಸಿದೆ. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜಿಯೊಬ್ಬಳು ದಾರಿ ಬಿಡದೆ ನಿಂತು, "ಯಾಕಪ್ಪಾ ಬಾಯ್ ಬಡ್ಕೊಂತೀಯ, ಹಾರ್ನ್ ಇಲ್ವಾ ನಿನ್ ಗಾಡಿಗೆ?" ಅಂದಳು. ಕರೆಂಟು ಉಳಿಸುತ್ತಿದ್ದೇನೆ ಅಂತ ಹೇಳಿದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕುರಿಗಳನ್ನು ಬದಿಗೆ ಎಳೆದುಕೊಂಡಳು.

ಕೊನೆಗೆ ಕ್ಯಾಸೆಟ್ಟನ್ನೂ ಬಂದ್ ಮಾಡಿದೆ. ಆ ದಿನ ಬೆಳಿಗ್ಗೆಯಿಂದ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಅದೂ ಗೊತ್ತಿಲ್ಲದೆ. ಹಾಡು ನಿಂತದ್ದೇ ಮಾವ ತಲೆ ಓರೆ ಮಾಡಿದ. ಎಂಜಿನ್ ಮುಚ್ಚಳದ ಮೇಲೆ ಅಂಗೈ ಊರಿದ. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಅಂದ:

"ತಮ್ಮಾ, ಸದ್ದು ಒಣಗ್ಯಾದ."

"ಒಣಗೂದಂದ್ರೇನು ಮಾವಾ?"

"ಒಣಗ್ಯಾದ ಅಂದ್ರ ಒಣಗ್ಯಾದ. ಒಳಗ ಕಬ್ಬಿಣಕ್ಕ ಕಬ್ಬಿಣ ಹತ್ತಲತ್ತದ. ಎಣ್ಣಿ ಲೈಟ್ ನೋಡು."

"ನೋಡ್ಲತ್ತೀನಿ, ಆರ್ಯದ. ಬ್ಯಾಟರಿದೇ ಹತ್ಯದ."

"ಕಮಟು ವಾಸನಿ ಬರ್ಲತ್ತದ."

"ಅದು ಹೋಟೆಲ್ ಮಿರ್ಚಿ ವಾಸನಿ" ಅಂದೆ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹೋಟೆಲೂ ಇರಲಿಲ್ಲ, ಮಿರ್ಚಿಯೂ ಇರಲಿಲ್ಲ.

ಹಿರಿಯೂರಿಗೆ ಇನ್ನು ಸ್ವಲ್ಪವೇ ದೂರ. ಏರು ಬಂತು. ಗೇರ್ ಇಳಿಸಿ ಆಕ್ಸಿಲರೇಟರ್ ತುಳಿದರೂ ಈಗ ಬ್ಯಾಟರಿ ದೀಪ ಆರಲಿಲ್ಲ. ಕೆಂಡದ ಹಾಗೆ ನಿಂತುಬಿಟ್ಟಿತು. ಮುಚ್ಚಳದಡಿಯಿಂದ ಟಕ್ ಟಕ್ ಅಂತ ಸಣ್ಣ ಸದ್ದು ಶುರುವಾಯಿತು. ನನಗೂ ಕೇಳಿಸಿತು. ಕೇಳಿಸಲಿಲ್ಲ ಅಂತ ನನಗೇ ಹೇಳಿಕೊಂಡೆ.

"ಬಂದ್ ಮಾಡು" ಅಂದ ಮಾವ.

"ಮಾವಾ, ಬ್ಯಾಟರಿ ಪೂರಾ ಕುಂತದ. ಈಗ ಬಂದ್ ಮಾಡಿದ್ರ ಮತ್ತ ಚಾಲೂ ಆಗೂದಿಲ್ಲ. ಈ ಬಯಲಾಗ ಏನ್ ಮಾಡೂದು?"

"ಬಂದ್ ಮಾಡಂದೀನಿ!"

"ಮಾಡೂದಿಲ್ಲ!"

ಈಗ ಯೋಚಿಸಿದರೆ ಮೈ ಬಿಸಿಯಾಗುತ್ತದೆ. ಬ್ಯಾಟರಿ ದೀಪ ಹತ್ತಿದರೆ ಎಂಜಿನ್ ನಿಲ್ಲಿಸಬಾರದು. ಎಣ್ಣೆ ದೀಪ ಹತ್ತಿದರೆ ನಿಂತ ಕಾಲಲ್ಲಿ ನಿಲ್ಲಿಸಬೇಕು. ನಾನು ಬದಲಿಸಿದ್ದು ಎರಡು ವೈರು, ಅದರ ಅರ್ಥ ಹೀಗೆ ತಲೆಕೆಳಗಾಗಿತ್ತು. ಮಾವ ನನ್ನ ಮೊಣಕೈ ಕೆಳಗಿಂದ ಕೈ ಹಾಕಿ, ಡ್ಯಾಶ್‌ಬೋರ್ಡಿನ ಅಡಿ ತಡವಿ, ಡೀಸೆಲ್ ನಿಲ್ಲಿಸುವ ಕಪ್ಪು ಗುಂಡಿ ಹಿಡಿದು ಎಳೆದುಬಿಟ್ಟ.

ಎಂಜಿನ್ ಒಂದು ಸಲ ಕೊಸರಿ ನಿಂತಿತು. ಲಾರಿ ಏರಿನಲ್ಲಿ ನಿಧಾನವಾಯಿತು. ಹೇಗೋ ಬದಿಗೆ ಎಳೆದು, ಬ್ರೇಕ್ ಒತ್ತಿ, ಹುಣಸೆಮರದ ಕೆಳಗೆ ನಿಲ್ಲಿಸಿದೆ. ಆಮೇಲೆ ಮಾವನ ಕಡೆ ತಿರುಗಿ ಒದರಿದೆ.

"ಕಣ್ಣ ಕಾಣಂಗಿಲ್ಲಂದ್ರ ಸುಮ್ಮ ಕೂಡ್ಬೇಕು! ನೋಡಿ ಓಡ್ಸಾಕ ನಾ ಇದೀನಲ್ಲ!"

ಆಡಿದ ಮೇಲೆ ಆ ಮಾತು ಕ್ಯಾಬಿನ್ನಿನಲ್ಲೇ ಉಳಿಯಿತು. ನನ್ನನ್ನು ಊರಿಂದ ಕರೆತಂದು, ಕೆಲಸ ಕಲಿಸಿ, ಐದು ವರ್ಷ ಅನ್ನ ಹಾಕಿದ ಮನುಷ್ಯ. ಮಾವ ಕನ್ನಡಕ ಸರಿಮಾಡಿಕೊಂಡ. ಏನೂ ಆಗದವನ ಹಾಗೆ, "ಹೋಗು, ಕಡ್ಡಿ ಎಳೆದು ತಾ" ಅಂದ.

ಇಳಿದು ಬಾನೆಟ್ ಎತ್ತಿದೆ. ಕಡ್ಡಿ ಎಳೆದೆ. ಅದರ ತುದಿಯಲ್ಲಿ ಕೂಡ ಎಣ್ಣೆ ಇರಲಿಲ್ಲ, ಸುಟ್ಟ ಕಮಟು ವಾಸನೆ ಮಾತ್ರ ಇತ್ತು. ಬಗ್ಗಿ ನೋಡಿದರೆ ಎಂಜಿನ್ನಿನ ಒಂದು ಮಗ್ಗುಲು ಪೂರಾ ಕಪ್ಪು, ಎಣ್ಣೆ ಸುರಿದು ಧೂಳು ಮೆತ್ತಿ ಹೋಗಿತ್ತು. ಸುರಿದದ್ದು ಎಲ್ಲಿಂದ ಅಂತ ಹುಡುಕುವ ಕಷ್ಟವೂ ಇರಲಿಲ್ಲ. ನಾನು ಪ್ರೀತಿಯಿಂದ ಕೂರಿಸಿದ ಹಿತ್ತಾಳೆ ಸ್ವಿಚ್ಚಿನ ಸುತ್ತ ಇನ್ನೂ ಒಂದು ಹನಿ ತೂಗುತ್ತಿತ್ತು.

ಕಡ್ಡಿ ಹಿಡಿದು ನಿಂತೆ. ಮಾವ ಇಳಿದು, ಲಾರಿಯ ಮೈ ಹಿಡಿದುಕೊಂಡು ಬರುತ್ತಿದ್ದ. "ಎಣ್ಣಿ ಅದೇನು?" ಅಂದ. ಅವನಿಗೆ ಕಾಣುವುದಿಲ್ಲ, ಸ್ವಲ್ಪ ಕಡಿಮಿ ಅದ ಅಂದರೆ ನಡೆದೀತು ಎಂಬ ಯೋಚನೆ ಬಂತು. ಬಂತು ಅನ್ನುವುದನ್ನು ಇವತ್ತು ಬರೆಯುತ್ತಿರುವುದಕ್ಕೆ ನಾಚಿಕೆ ಇದೆ. ಬಾಯಿ ತೆಗೆಯುವ ಮೊದಲೇ ಮಾವ ಕೈ ಚಾಚಿ ಕಡ್ಡಿ ಇಸಿದುಕೊಂಡ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆದ. ಮೂಸಿದ. ಹುಣಸೆಮರದ ಬುಡಕ್ಕೆ ಹೋಗಿ ಕೂತ. ಹೊರಮಾವಿನ ಗೇಟು, ಸೀಟಿ, ಎಲ್ಲ ಅವನ ಮುಖದಲ್ಲಿ ನನಗೆ ಕಾಣಿಸಿತು.

ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರ್ ಹತ್ತಿ ಹಿರಿಯೂರಿನಿಂದ ಎರಡು ದೊಡ್ಡ ಕ್ಯಾನ್ ಎಣ್ಣೆ ತಂದೆ. ವಾಪಸು ಬರುವಷ್ಟರಲ್ಲಿ ಮಾವ ತಡವಿ ತಡವಿ ಆ ಸ್ವಿಚ್ಚು ಬಿಚ್ಚಿ, ಜಾಗವನ್ನು ಬಟ್ಟೆಯಿಂದ ಒರೆಸಿ, ಸಾಮಾನು ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದು ಕೂರಿಸಿದ್ದ. ನಾನು ಆಯುಧಪೂಜೆಯ ದಿನ ಕಿತ್ತು ಬಿಸಾಡಿದ್ದ ಹಳೇ ಸ್ವಿಚ್ಚು. ಅದನ್ನು ಎತ್ತಿಟ್ಟುಕೊಂಡಿದ್ದ.

"ಇದು ಸತ್ತದ ಮಾವಾ" ಅಂದೆ.

"ಲೈಟ್ ಹತ್ಸಂಗಿಲ್ಲ ಖರೆ, ಎಣ್ಣಿ ಹಿಡಿತದ. ವೈರ್ ಹಂಗೇ ಬಿಟ್ಟೀನಿ. ಎಣ್ಣಿ ಹಾಕು."

ಹಾಕಿದೆ. ಎಂಜಿನ್ ತಣಿಯುವವರೆಗೆ ಕಾದೆವು. ಮಾವ ಎಂಜಿನ್ ಪಕ್ಕ ನಿಂತ, ನಾನು ಕ್ಯಾಬಿನ್ ಹತ್ತಿ, ಬ್ಯಾಟರಿ ಪೂರಾ ಕುಂತಿರುತ್ತದಲ್ಲ, ಹ್ಯಾಗೆ ಚಾಲೂ ಆದೀತು ಅಂತ ಮನಸ್ಸಿನಲ್ಲೇ ಗೋಳಾಡುತ್ತ ಕೀಲಿ ತಿರುಗಿಸಿದೆ. ಒಂದೇ ಏಟಿಗೆ, ಎಳೇ ಕರುವಿನ ಹಾಗೆ ಜಿಗಿದು ಎಂಜಿನ್ ಎದ್ದಿತು. ಅಷ್ಟು ಶಕ್ತಿ ಇದ್ದ ಬ್ಯಾಟರಿಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಎಣ್ಣೆ ದೀಪ ಆರಿತು. ಬ್ಯಾಟರಿಯ ದೀಪ ಮಾತ್ರ ಹಾಗೆಯೇ ಉರಿಯುತ್ತಿತ್ತು.

"ಈ ವೈರ್ ಎಂಜಿನ್ನಿಗೆ ತಾಗ್ಲತ್ತದ, ಸರಿಸ್ತೀನಿ" ಅಂತ ಕೆಳಗಿಂದ ಮಾವ ಕೂಗಿದ. ಅವನ ಕೈಯಲ್ಲಿದ್ದುದು ಎಣ್ಣೆ ಸ್ವಿಚ್ಚಿನಿಂದ ಬಿಚ್ಚಿದ ವೈರು. ಅವನು ಸರಿಸಿದ, ಬ್ಯಾಟರಿ ದೀಪ ಆರಿತು. ಕೈಜಾರಿ ಮತ್ತೆ ತಾಗಿಸಿದ, ಬ್ಯಾಟರಿ ದೀಪ ಹತ್ತಿತು.

ನನ್ನ ಕಣ್ಣ ಮುಂದೆ ಅಕ್ಕನ ಪೂಜೆ ತಟ್ಟೆ ಬಂದು ನಿಂತಿತು.

ಇಳಿದು ಹೋದೆ. ಮಾವ ಎರಡೂ ಅಂಗೈಗಳನ್ನು ಎಂಜಿನ್ನಿನ ಮೇಲಿಟ್ಟು, ತಲೆ ಬಗ್ಗಿಸಿ ಕೇಳುತ್ತಿದ್ದ. ನಾನೂ ಬಗ್ಗಿ ಕಿವಿಗೊಟ್ಟೆ. ಟಕ್ ಟಕ್ ಇರಲಿಲ್ಲ. ಬಹಳ ಹೊತ್ತಾದ ಮೇಲೆ ಮಾವ ತಲೆ ಎತ್ತಿದ. "ಜೀವ ಅದ" ಅಂದ. ಇನ್ನೊಂದು ಫರ್ಲಾಂಗ್ ಓಡಿಸಿದ್ದರೆ ಇರುತ್ತಿರಲಿಲ್ಲ ಅಂತ ಅವನು ಹೇಳಲಿಲ್ಲ, ಅದನ್ನು ನಾನೇ ಹೇಳಿಕೊಂಡೆ.

ಆಮೇಲೆ ಎಲ್ಲ ಒಪ್ಪಿಕೊಂಡೆ. ಕುಂಕುಮ, ಅರಿಶಿನ, ಮುಖ ನೋಡಿ ಗೆಸ್ ಮಾಡಿದ್ದು, ಮುಕ್ಕಾಲು ಸುತ್ತಿಗೆ ಬಿಗಿಯಾದ ಸ್ವಿಚ್ಚು. ಮಾವ ಸಾವಧಾನದಿಂದ ಕೇಳಿದ.

"ಅಂದ್ರ, ಎಣ್ಣಿ ಇಲ್ಲ ಅಂತ ಲೈಟ್ ಹೇಳ್ಲತ್ತಿತ್ತು?"

"ಹೂಂ."

"ತುಮಕೂರಿನಿಂದ?"

"ಹೂಂ."

"ಪಾಪ" ಅಂದ ಮಾವ. "ಮುಂಜಾನಿಂದ ಒದರ್ಲತ್ತಿತ್ತು."

ಹಾಗಂದು ನಗಲು ಶುರುಮಾಡಿದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಕಣ್ಣು ಒರೆಸಬಾರದು ಅಂತ ಡಾಕ್ಟರು ಹೇಳಿದ್ದು ನೆನಪಾಗಿ ಎರಡೂ ಕೈ ಮೇಲೆತ್ತಿಕೊಂಡು ನಕ್ಕ. ನಾನೂ ನಕ್ಕೆ. ವೈರಿನ ತಪ್ಪಿಗೆ ಕ್ಷಮೆ ಕೇಳುವುದು ಸುಲಭವಿತ್ತು, ಕೇಳಿದೆ. ಕ್ಯಾಬಿನ್ನಿನಲ್ಲಿ ಆಡಿದ ಮಾತಿಗೆ ಕೇಳಬೇಕಿತ್ತು. ನಾಲಿಗೆ ಏಳಲಿಲ್ಲ.

ಹಾರ್ನ್ ಜೋಡಿಸಿಕೊಂಡು ಹೊರಟೆವು. ಕ್ಯಾಸೆಟ್ ಹಾಕಲೇನು ಅಂದರೆ ಮಾವ ಬೇಡ ಅಂದ. ಪ್ರತಿ ಐವತ್ತು ಕಿಲೋಮೀಟರಿಗೆ ನಿಲ್ಲಿಸಿ ಕಡ್ಡಿ ಎಳೆದು ಅವನ ಕೈಗೆ ಕೊಟ್ಟೆ. ಬಾಗಿಲು ಕಿಟಕಿ ಶಹಾಪುರ ಮುಟ್ಟಿದವು.

ಮೂರನೆಯ ದಿನ ಮಧ್ಯಾಹ್ನ ಗರುಡಾಚಾರ್‌ಪಾಳ್ಯಕ್ಕೆ ವಾಪಸು ಬಂದೆವು. ಅಕ್ಕ ಊಟಕ್ಕೆ ಬಡಿಸಿದಳು. ದಾರಿಯಲ್ಲಿ ಏನೋ ಆಗಿದೆ ಅನ್ನುವ ವಾಸನೆ ಅವಳಿಗೆ ಹೇಗೆ ಹತ್ತಿತೋ. ಲಾರಿಯ ಮಗ್ಗುಲಿಗೆ ಅಂಟಿದ್ದ ಎಣ್ಣೆ ಕಂಡಿರಬೇಕು. "ಏನಾಗಿತ್ತು?" ಅಂದಳು, ನನ್ನನ್ನೇ ನೋಡುತ್ತ. ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಎಣ್ಣಿ ಸೋರಿತ್ತು" ಅಂದ ಮಾವ, ಪಲ್ಯ ಕಲಸುತ್ತ. "ಹಿರಿಯೂರ ಹತ್ರ. ಎಂಜಿನ್ ಹೋಗೇ ಬಿಡ್ತಿತ್ತು. ನಿನ್ನ ತಮ್ಮ ಲೈಟ್ ಹಾಕಿದ್ದಕ್ಕ ಉಳೀತು ನೋಡು."

"ಹೌದಾ?" ಅಕ್ಕನ ಮುಖ ಅರಳಿತು.

"ಮತ್ತೇನು? ನನಗ ಕಣ್ಣ ಕಾಣಂಗಿಲ್ಲಲ್ಲ. ನಾ ಸುಮ್ಮ ಕೂತಿದ್ದೆ. ಅವನೇ ನೋಡಿ ಬಂದ್ ಮಾಡ್ದ."

ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ತಟ್ಟೆಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟಳು. ಮಾವನ ತಟ್ಟೆಗೆ ಬೆಣ್ಣೆ ಇಡುವುದನ್ನು ಮರೆತಳು. ನಾನು ತಲೆ ತಗ್ಗಿಸಿ ತಿಂದೆ.